ನಿಂಬೆಹಣ್ಣನ್ನು ಇಟ್ಟವರು ಯಾರು?

ದಸರಾ ರಜೆಗೆಂದು ಬೆಂಗಳೂರಿನಿಂದ ತರೀಕೆರೆಗೆ ಬಂದಿದ್ದ ನನ್ನ ಮೊಮ್ಮಗಳು ತನ್ನ ಚೀಲದಿಂದ ನಾಲ್ಕು ಇಂಗ್ಲಿಷ್ ಕಾದಂಬರಿಗಳನ್ನು ತೆಗೆದು ಪಡಸಾಲೆಯ ಮೇಜಿನ ಮೇಲೆ ಜೋಡಿಸಿಟ್ಟಳು. ಮೂವತ್ತೈದು ವರ್ಷ ಕನ್ನಡ ಮೇಷ್ಟರಾಗಿದ್ದವನಿಗೆ ಪುಸ್ತಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಎತ್ತಿ ನೋಡಿದೆ. ಮುಖಪುಟದಲ್ಲಿ ಒಂದು ಕರಿಬೆಕ್ಕು, ಕಿಟಕಿಯಲ್ಲಿ ಆರಲು ಇಟ್ಟ ಕೇಕು, ಗೋಡೆಗೆ ಒರಗಿಸಿದ ಪೊರಕೆ; ಮೂಲೆಯಲ್ಲಿ ನೆಲದ ಮೇಲೆ ಚಾಚಿಕೊಂಡ ಎರಡು ಪಾದಗಳು. ಇದೇನಮ್ಮ ಎಂದು ಕೇಳಿದರೆ, “ತಾತ, ಇದರಲ್ಲಿ ಮಾಟಗಾತಿಯೇ ಪತ್ತೇದಾರಿ. ಚಿಕ್ಕ ಊರು, ಅಲ್ಲೊಂದು ಕೊಲೆ, ಅವಳು ಕಂಡುಹಿಡೀತಾಳೆ. ತಮಾಷೆಯಾಗಿರುತ್ತೆ” ಎಂದಳು.

ಅದೇ ಸಂಜೆ ಎಂದಿನಂತೆ ಕಾಫಿಗೆ ಬಂದ ನನ್ನ ಸ್ನೇಹಿತರು, ಅವರೂ ನಿವೃತ್ತ ಉಪಾಧ್ಯಾಯರೇ, ಆ ಮುಖಪುಟಗಳನ್ನು ಕಂಡು ಮುಖ ಕಿವುಚಿದರು. “ಏನ್ ಮೇಷ್ಟ್ರೇ, ನಿಮ್ಮ ಮನೇಲೂ ಇದೇನಾ? ಮಾಟ ಮಂತ್ರ, ಕೊಲೆ! ಮಕ್ಕಳ ಕೈಗೆ ಇಂಥದ್ದು ಕೊಟ್ಟರೆ ಮುಂದೆ ಗತಿ ಏನು?” ಎಂದರು. ಆಕ್ಷೇಪ ಅಲ್ಲಿಗೇ ಮುಗಿಯಲಿಲ್ಲ. ಮೌಢ್ಯವಿರೋಧಿ ಚಳವಳಿಯಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮರುವಾರ ಮನೆಗೆ ಬಂದಾಗ ಇದೇ ಮಾತೆತ್ತಿದೆ. ಅವನ ಆಕ್ಷೇಪ ಬೇರೆ ದಿಕ್ಕಿನಿಂದ ಬಂದಿತು. “ಸಾರ್, ಮಾಟಗಾತಿ ಅಂತ ಹೆಸರಿಟ್ಟು ಹೆಂಗಸರನ್ನ ಕೊಲ್ಲೋ ದೇಶ ಇದು. ಅದರ ಮೇಲೆ ತಮಾಷೆಯೇ?” ಎಂದು ಕೇಳಿದ.

ಒಬ್ಬರಿಗೆ ಈ ಪುಸ್ತಕಗಳು ಮೌಢ್ಯವನ್ನು ಬೆಳೆಸುತ್ತವೆಂಬ ಭಯ, ಇನ್ನೊಬ್ಬನಿಗೆ ನೊಂದವರನ್ನು ಅವಮಾನಿಸುತ್ತವೆಂಬ ಸಿಟ್ಟು. ಇಬ್ಬರೂ ನನಗೆ ಬೇಕಾದವರು, ಇಬ್ಬರೂ ಸಜ್ಜನರು. ಆದರೆ ಈ ವಿಷಯದಲ್ಲಿ ಇಬ್ಬರೂ ತಪ್ಪಿದ್ದಾರೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂಬುದನ್ನು ಹೇಳಲು ಅರವತ್ತೈದು ವರ್ಷಗಳಿಂದ ಯಾರಿಗೂ ಹೇಳದ ಒಂದು ಸಂಗತಿಯನ್ನು ನಾನು ಹೇಳಬೇಕಾಗುತ್ತದೆ.

ಮೊದಲು ಪುಸ್ತಕಗಳ ವಿಚಾರ. ಅವುಗಳಲ್ಲಿ ಎರಡನ್ನು ಪೂರ್ತಿ ಓದಿದೆ. ಇಂಗ್ಲಿಷಿನವರು ಈ ಬಗೆಯನ್ನು ‘ಕೋಜಿ’ ಎಂದು ಕರೆಯುತ್ತಾರೆ; ಚಳಿಗಾಲದಲ್ಲಿ ಕಂಬಳಿ ಹೊದ್ದು ಕುಳಿತವರಿಗೆ ಸಿಗುವ ಬೆಚ್ಚಗಿನ ಸುಖವೆಂದು ಅರ್ಥ. ಕೊಲೆ ನಡೆಯುತ್ತದೆ, ರಕ್ತ ಕಾಣುವುದಿಲ್ಲ. ಪೊಲೀಸರಿರುತ್ತಾರೆ, ಅವರಿಗೆ ಏನೂ ಹೊಳೆಯುವುದಿಲ್ಲ. ಊರ ಅಂಚಿನಲ್ಲಿ ಗಿಡಮೂಲಿಕೆಯ ಅಂಗಡಿಯನ್ನೋ ಚಹಾದಂಗಡಿಯನ್ನೋ ಇಟ್ಟುಕೊಂಡ ಹೆಂಗಸೊಬ್ಬಳಿರುತ್ತಾಳೆ; ಅವಳಿಗೆ ಒಂದಿಷ್ಟು ಮಂತ್ರ ಗೊತ್ತು, ಒಂದು ಬೆಕ್ಕು ಜೊತೆಗುಂಟು. ಮೊದಲ ಅನುಮಾನ ಸಾಮಾನ್ಯವಾಗಿ ಬೀಳುವುದೇ ಅವಳ ಮೇಲೆ. ತನ್ನ ಮೇಲಿನ ಅಪವಾದವನ್ನು ತೊಡೆದುಕೊಳ್ಳಲು ಅವಳೇ ಹುಡುಕಾಟಕ್ಕೆ ಹೊರಡುತ್ತಾಳೆ, ಕೊನೆಗೆ ಊರಿನ ಒಬ್ಬ ದೊಡ್ಡ ಮನುಷ್ಯನೋ ಅವನ ಮನೆಯವರೋ ಸಿಕ್ಕಿಬೀಳುತ್ತಾರೆ. ಇದು ಮಹಾನ್ ಸಾಹಿತ್ಯವೆಂದು ನಾನು ವಾದಿಸುತ್ತಿಲ್ಲ. ಆದರೆ ಆ ಕಥೆಯ ಅಚ್ಚನ್ನು ಗಮನಿಸಿರಿ: ಊರು ಯಾರನ್ನು ಅಪರಾಧಿಯೆನ್ನುತ್ತದೆಯೋ ಆಕೆಯೇ ಇಲ್ಲಿ ವಿಚಾರಣೆ ನಡೆಸುವವಳು.

ಈಗ ನನ್ನ ಸಂಗತಿ. 1960ರ ಆಸುಪಾಸಿನ ಮಾತು. ನನಗಾಗ ಹತ್ತು ವರ್ಷ. ತರೀಕೆರೆಯಿಂದ ಲಿಂಗದಹಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಅತ್ತ ಮಲೆನಾಡೂ ಅಲ್ಲದ, ಇತ್ತ ಬಯಲುಸೀಮೆಯೂ ಅಲ್ಲದ ಆ ನೆಲದಲ್ಲಿ ಎರಡು ಸೀಮೆಗಳ ದೆವ್ವಗಳೂ ನಮ್ಮ ಪಾಲಿಗೆ ಬಂದಿದ್ದವು. ಊರ ಕೊನೆಯಲ್ಲಿ ಒಬ್ಬಳು ಒಂಟಿ ಮುದುಕಿ ಇದ್ದಳು. ಎಲ್ಲರೂ ಅವಳನ್ನು ಅಜ್ಜಿ ಎನ್ನುತ್ತಿದ್ದರು. ಹೆರಿಗೆ ಮಾಡಿಸುವವಳು ಅವಳೇ. ನನ್ನ ಹೊಕ್ಕುಳಬಳ್ಳಿಯನ್ನು ಕೊಯ್ದವಳೂ ಅವಳೇ ಎಂದು ನಮ್ಮಮ್ಮ ಹೇಳುತ್ತಿದ್ದಳು. ಕಾಮಾಲೆಯಾದರೆ ನೆಲನೆಲ್ಲಿ ಅರೆದು ಕೊಡುವಳು, ಮಗು ಹಾಲು ಕುಡಿಯದಿದ್ದರೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆಯುವಳು. ಹಗಲು ಬೇಕಾದ ಆ ಕೈಗಳನ್ನೇ ಕತ್ತಲಾದ ಮೇಲೆ ಜನ ಅನುಮಾನಿಸುತ್ತಿದ್ದರು. ಅವಳಿಗೆ ಮಾಟ ಗೊತ್ತಂತೆ ಎಂದು ಹೆಂಗಸರು ದನಿ ತಗ್ಗಿಸಿ ಮಾತಾಡಿಕೊಳ್ಳುವುದನ್ನು ನಾವು ಮಕ್ಕಳು ಕೇಳಿದ್ದೆವು.

ಊರಿನಲ್ಲಿ ಒಂದೇ ಅಂಗಡಿ. ಒಂದು ದಿನ ಅಂಗಡಿಯವರು ಕಡಲೆಮಿಠಾಯಿಯನ್ನು ಸಾಲ ಕೇಳಿದ ನಮ್ಮ ಮೂವರನ್ನು ಬೈದು ಓಡಿಸಿದರು. ಅವರನ್ನು ಹೆದರಿಸಬೇಕೆಂದು ನಾವು ನಿಶ್ಚಯಿಸಿದೆವು. ನಮ್ಮ ಹಿತ್ತಿಲಿನ ಗಿಡದಿಂದ ಒಂದು ನಿಂಬೆಹಣ್ಣು ಕಿತ್ತು, ಕೊಯ್ದು, ಕುಂಕುಮ ಮೆತ್ತಿ, ಒಲೆಯ ಮಸಿ ಬಳಿದು, ಕೋಳಿಯ ಪುಕ್ಕವೊಂದನ್ನು ಸಿಕ್ಕಿಸಿ, ಅಮಾವಾಸ್ಯೆಯ ರಾತ್ರಿ ಅವರ ಹೊಸ್ತಿಲ ಮುಂದೆ ಇಟ್ಟು ಬಂದೆವು. ಬೆಳಿಗ್ಗೆ ಅವರ ಹೆಂಡತಿ ಕಿರುಚಿಕೊಂಡಾಗ ಗೋಡೆಯ ಮರೆಯಲ್ಲಿ ನಿಂತು ನಕ್ಕೆವು.

ಎಂಟೇ ದಿನಕ್ಕೆ ಆ ಮನೆಯ ಕಿರಿಯ ಮಗು ವಾಂತಿಭೇದಿಯಾಗಿ ತೀರಿಕೊಂಡಿತು.

ಅರಳಿಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ನಿಂಬೆಹಣ್ಣು ಇಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಬಾವಿಗೆ ಬರಕೂಡದು, ಯಾರ ಮನೆಯ ಬಾಣಂತಿಯನ್ನೂ ಮುಟ್ಟಕೂಡದು ಎಂದು ತೀರ್ಮಾನವಾಯಿತು. ಅವಳು ಅಳಲಿಲ್ಲ. “ನಾನ್ಯಾಕಪ್ಪಾ ಮಾಡ್ಲಿ, ಆ ಕೂಸನ್ನ ಎತ್ತಿಕೊಂಡೋಳೇ ನಾನು” ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ನಾನು ನಮ್ಮಪ್ಪನ ಪಕ್ಕದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವಳ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ಬೀರೂರು ಸ್ಟೇಷನ್ನಿನಲ್ಲಿ ಗಂಟು ಹಿಡಿದು ಕುಳಿತಿದ್ದಳೆಂದು ಯಾರೋ ಬಂದು ಹೇಳಿದರು. ಆಮೇಲೆ ಅವಳ ಸುದ್ದಿಯಿಲ್ಲ.

ಓದುಗರು ನನ್ನನ್ನು ಬೈಯಬಹುದು, ಬೈಯಬೇಕು. ಹತ್ತು ವರ್ಷದ ಹುಡುಗನೆಂಬ ರಿಯಾಯಿತಿ ನನಗೆ ಬೇಡ, ಏಕೆಂದರೆ ಇಪ್ಪತ್ತಾದಾಗಲೂ ನಲವತ್ತಾದಾಗಲೂ ನಾನು ಹೇಳಲಿಲ್ಲ. ಆದರೆ ಮೇಷ್ಟರಾಗಿ ಆ ಪಂಚಾಯಿತಿಯನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವುದು ಇನ್ನೊಂದು ವಿಚಾರ. ಊರಿನಲ್ಲಿ ನಿಂಬೆಗಿಡವಿದ್ದದ್ದು ಎರಡೇ ಮನೆಗಳ ಹಿತ್ತಿಲಲ್ಲಿ. ಒಂದು ಪಟೇಲರದು, ಇನ್ನೊಂದು ನಮ್ಮದು. ಅಜ್ಜಿಯ ಹಿತ್ತಿಲಲ್ಲಿ ಅದು ಇರಲಿಲ್ಲ. ಹೊಸ್ತಿಲ ಮುಂದಿನ ಧೂಳಿನಲ್ಲಿ ಚಿಕ್ಕ ಪಾದಗಳ ಗುರುತಿತ್ತು. ಅದೇ ವಾರ ಅದೇ ಬಾವಿಯ ನೀರು ಕುಡಿದ ಇನ್ನೂ ಐದಾರು ಮಕ್ಕಳಿಗೆ ಭೇದಿಯಾಗಿತ್ತು, ಅವರ ಮನೆಗಳ ಮುಂದೆ ಯಾರೂ ನಿಂಬೆಹಣ್ಣು ಇಟ್ಟಿರಲಿಲ್ಲ. ಮೂರನೆಯ ತರಗತಿ ಓದಿದ ಪತ್ತೇದಾರನಾದರೂ ಅರ್ಧ ಗಂಟೆಯಲ್ಲಿ ನಮ್ಮ ಹಿತ್ತಿಲಿಗೆ ಬಂದು ನನ್ನ ಕಿವಿ ಹಿಡಿಯುತ್ತಿದ್ದ. ಮುಂದಿನ ಅರ್ಧ ಗಂಟೆಯಲ್ಲಿ ಬಾವಿಯ ನೀರನ್ನು ಅನುಮಾನಿಸುತ್ತಿದ್ದ. ಅಂಥ ಒಬ್ಬನೂ ನಮ್ಮ ಊರಿನಲ್ಲಿರಲಿಲ್ಲ.

ನಾನು ಹೇಳಬಯಸುವುದು ಇಷ್ಟೇ. ಪತ್ತೇದಾರಿ ಕಥೆಯೂ ಮಾಟದ ಆರೋಪವೂ ಹುಟ್ಟುಶತ್ರುಗಳು. ಎರಡೂ ಒಂದು ಸಾವಿನಿಂದಲೇ ಹೊರಡುತ್ತವೆ. ಆರೋಪವು ಮೊದಲು ಅಪರಾಧಿಯನ್ನು ಆರಿಸಿಕೊಂಡು ಆಮೇಲೆ ಸಾಕ್ಷ್ಯವನ್ನು ಹುಡುಕುತ್ತದೆ. ಪತ್ತೇದಾರಿ ಕಥೆಯು ಸಾಕ್ಷ್ಯವನ್ನು ಕೂಡಿಸಿ ಆಮೇಲೆ ಅಪರಾಧಿಯ ಬಳಿಗೆ ಹೋಗುತ್ತದೆ. ಊರೆಲ್ಲ ಬೆರಳು ತೋರಿಸುವ ವ್ಯಕ್ತಿ ಬಹುಮಟ್ಟಿಗೆ ನಿರಪರಾಧಿ ಎಂಬುದನ್ನು ಈ ಕಥೆಗಳ ಓದುಗ ಮೂರನೆಯ ಪುಸ್ತಕದ ಹೊತ್ತಿಗೆ ಕಲಿತಿರುತ್ತಾನೆ. ನೀತಿಬೋಧೆಯಿಂದ ಮಕ್ಕಳ ತಲೆಗೆ ಹತ್ತದ ಪಾಠ ಇದು. ಆ ಕುರ್ಚಿಯಲ್ಲಿ ಮಾಟಗಾತಿಯನ್ನೇ ಕೂರಿಸಿದರೆ ಪಾಠ ಇನ್ನೂ ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಇದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ಅಗಾಥಾ ಕ್ರಿಸ್ಟಿಯವರು 1961ರಲ್ಲಿ ‘ದಿ ಪೇಲ್ ಹಾರ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಹಳ್ಳಿಯ ಹಳೆಯ ಛತ್ರದಂಥ ಮನೆಯೊಂದರಲ್ಲಿ ವಾಸಿಸುವ ಮೂವರು ಹೆಂಗಸರು ಮಾಟದಿಂದ ದೂರದವರನ್ನು ಕೊಲ್ಲುತ್ತಾರೆಂಬ ನಂಬಿಕೆ ಅಲ್ಲಿದೆ. ಕೊನೆಗೆ ತಿಳಿಯುವುದೇನೆಂದರೆ ಸತ್ತವರೆಲ್ಲರ ದೇಹ ಸೇರಿದ್ದು ಥ್ಯಾಲಿಯಂ ಎಂಬ ವಿಷ. ಮಂತ್ರದ ಆಟ ಬರಿಯ ಪರದೆ. ಪರದೆಯ ಹಿಂದೆ ಹಣದ ವ್ಯವಹಾರ. 1977ರಲ್ಲಿ ಕತಾರ್ ದೇಶದ ಒಂದು ಮಗುವನ್ನು ಏನು ಕಾಯಿಲೆಯೆಂದು ತಿಳಿಯದೆ ಲಂಡನ್ನಿನ ಆಸ್ಪತ್ರೆಗೆ ತಂದಿದ್ದರು. ಆ ಕಾದಂಬರಿಯನ್ನು ಓದುತ್ತಿದ್ದ ನರ್ಸ್ ಒಬ್ಬರು ಮಗುವಿನ ತಲೆಗೂದಲು ಉದುರುವುದನ್ನು ಗಮನಿಸಿ, ಇದು ಥ್ಯಾಲಿಯಂ ಇರಬಹುದೇ ಎಂದು ವೈದ್ಯರನ್ನು ಕೇಳಿದರು. ಪರೀಕ್ಷಿಸಿದಾಗ ಅದೇ ಆಗಿತ್ತು. ಮಗು ಬದುಕಿತು. ಮಾಟಗಾತಿಯರ ಕೊಲೆಗಥೆಯೊಂದು ಒಂದು ಕೂಸನ್ನು ಉಳಿಸಿತು. ನಮ್ಮೂರಿನ ಗಂಭೀರವಾದ ಪಂಚಾಯಿತಿಗೆ ಮಾತ್ರ ಒಂದು ಕೂಸಿನ ಸಾವಿನಿಂದ ಏನನ್ನೂ ಕಲಿಯಲಾಗಲಿಲ್ಲ.

ನಮ್ಮ ನಾಡಿಗೂ ಈ ಪರಂಪರೆ ಹೊಸತಲ್ಲ. ಕರ್ನಾಟಕಕ್ಕೆ ಇಬ್ಬರು ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನು ಕಲಿಸಿದರೆಂದು ನಾನು ತಮಾಷೆಗೆ ಹೇಳುವುದುಂಟು. ಒಬ್ಬರು ಡಾ. ಎಚ್. ನರಸಿಂಹಯ್ಯನವರು; ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯನ್ನು ರಚಿಸಿ ದೊಡ್ಡ ದೊಡ್ಡವರ ಸಿಟ್ಟಿಗೆ ಗುರಿಯಾದವರು. ಇನ್ನೊಬ್ಬರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು, ‘ಪತ್ತೇದಾರ ಪುರುಷೋತ್ತಮ’ನನ್ನು ಸೃಷ್ಟಿಸಿದವರು. ಮೊದಲನೆಯವರ ಭಾಷಣ ಪಟ್ಟಣದ ಕಾಲೇಜುಗಳನ್ನು ಮುಟ್ಟಿತು. ಎರಡನೆಯವರ ಪುಸ್ತಕ ಬಾಡಿಗೆ ಲೈಬ್ರರಿಗಳ ಮೂಲಕ ಕೂಲಿಯವರ, ಟೈಲರುಗಳ, ಬಸ್ ಕಂಡಕ್ಟರುಗಳ ಕೈ ಸೇರಿತು. ನಾನೇ ಎಷ್ಟೋ ಮಕ್ಕಳ ಚೀಲದಿಂದ ಪತ್ತೇದಾರಿ ಕಾದಂಬರಿಗಳನ್ನು ಕಿತ್ತುಕೊಂಡು ಬೀರುವಿನಲ್ಲಿ ಬೀಗ ಹಾಕಿ ಇಟ್ಟವನು. ಇಂದು ಆ ಬೀಗಕ್ಕಾಗಿ ನಾಚುತ್ತೇನೆ.

ನಮ್ಮ ಜಿಲ್ಲೆಯವರೇ ಆಗಿ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ‘ಕುಬಿ ಮತ್ತು ಇಯಾಲ’ ಕಥೆಯಲ್ಲಿ ಒಬ್ಬ ಡಾಕ್ಟರು, ಒಂದು ಹುಡುಗಿಯ ಸಾವು, ನಿಜ ತಿಳಿಯುವ ಆಸಕ್ತಿಯೇ ಇಲ್ಲದ ಒಂದು ಊರು. 1985ರ ‘ಚಿದಂಬರ ರಹಸ್ಯ’ದಲ್ಲಂತೂ ಕೆಸರೂರೆಂಬ ಊರಿನ ಏಲಕ್ಕಿ, ಸಂಶಯಾಸ್ಪದ ಸಾವು, ಗುಪ್ತಚರ ಅಧಿಕಾರಿ ಅಂಗಡಿ, ದೆವ್ವ ಭೂತಗಳ ಗುಲ್ಲು ಎಲ್ಲವೂ ಸೇರಿ ಓದುಗ ಹೊಟ್ಟೆ ಹಿಡಿದು ನಗುತ್ತಾನೆ, ಕೊನೆಯ ಪುಟಗಳಲ್ಲಿ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಆ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ‘ಕುಬಿ ಮತ್ತು ಇಯಾಲ’ವನ್ನು ಚಲನಚಿತ್ರ ಮಾಡಿದ ಸದಾನಂದ ಸುವರ್ಣರೇ 1990ರ ದಶಕದ ಆರಂಭದಲ್ಲಿ ದೂರದರ್ಶನಕ್ಕೆ ‘ಗುಡ್ಡದ ಭೂತ’ವನ್ನು ಕೊಟ್ಟರು. ಆ ಧಾರಾವಾಹಿ ಬರುವ ಹೊತ್ತಿಗೆ ಟಿ.ವಿ. ಇದ್ದ ಮನೆಗಳ ಮುಂದೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಕಿಟಕಿಯಲ್ಲಿ ನಿಂತು ಹೆದರಿಕೊಂಡೇ ನೋಡಿದ ಹುಡುಗರು ಮರುದಿನ ತರಗತಿಯಲ್ಲಿ “ಭೂತ ಅಲ್ಲ ಸಾರ್, ಯಾರೋ ಮನುಷ್ಯರೇ ಇರಬೇಕು” ಎಂದು ವಾದಿಸುತ್ತಿದ್ದರು. ನನ್ನ ಮೂವತ್ತೈದು ವರ್ಷಗಳ ಪಾಠ ಅಷ್ಟು ಬೇಗ ಫಲ ಕೊಟ್ಟದ್ದು ನನಗೆ ನೆನಪಿಲ್ಲ.

ನಗುವಿನ ಬಲವನ್ನು ನಾನು ಕಣ್ಣಾರೆ ಕಂಡದ್ದೂ ಅದೇ ದಶಕದಲ್ಲಿ. ರಾತ್ರಿ ಹೆಣ್ಣು ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬ ಗುಲ್ಲು ಹಬ್ಬಿ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿದ ಕಾಲ. ನಾನು ಗೋಡೆಗಳ ಮುಂದೆ ನಿಂತು ವಿಜ್ಞಾನ ಬೋಧಿಸಿ ಸೋತೆ. ಕೊನೆಗೊಂದು ದಿನ ತರಗತಿಯಲ್ಲಿ, “ಸಾಕ್ಷರತಾ ಆಂದೋಲನದವರು ಊರೂರು ಸುತ್ತುತ್ತಿದ್ದಾರೆ, ನಮ್ಮ ತಾಯಂದಿರಲ್ಲಿ ಎಷ್ಟೋ ಮಂದಿಗೆ ಇನ್ನೂ ಅಕ್ಷರ ಬಂದಿಲ್ಲ, ದೆವ್ವಕ್ಕೆ ಮಾತ್ರ ಕನ್ನಡ ಓದಲು ಬರುತ್ತದೆ, ಅದು ಯಾವ ಶಾಲೆಯಲ್ಲಿ ಕಲಿಯಿತೋ ಕೇಳಿಕೊಂಡು ಬನ್ನಿ” ಎಂದೆ. ಮಕ್ಕಳು ನಕ್ಕರು, ಮನೆಗೆ ಹೋಗಿ ಹೇಳಿದರು. ವಾರದೊಳಗೆ ಕೆಲವು ಬಾಗಿಲುಗಳ ಮೇಲಿನ ಬರಹ ಅಳಿಸಿತ್ತು. ಇದೇ ನಂಬಿಕೆಯ ಮೇಲೆ 2018ರಲ್ಲಿ ಹಿಂದಿಯವರು ‘ಸ್ತ್ರೀ’ ಎಂಬ ಸಿನಿಮಾ ಮಾಡಿ ದೇಶವನ್ನೇ ನಗಿಸಿದರು. ಬಾಗಿಲ ಮೇಲೆ ಬರೆದವರು ನಾವು; ನಗಿಸಿ ದುಡ್ಡು ಮಾಡಿಕೊಂಡವರು ಅವರು!

ಇನ್ನು ನನ್ನ ವಿದ್ಯಾರ್ಥಿಯ ಆಕ್ಷೇಪ. ಅದು ಹಗುರವಾದದ್ದಲ್ಲ. ಅಮೆರಿಕದ ಸೇಲಂ ಎಂಬ ಊರಿನಲ್ಲಿ 1692ರಲ್ಲಿ ಮಾಟದ ಆರೋಪದ ಮೇಲೆ 19 ಮಂದಿಯನ್ನು ಗಲ್ಲಿಗೇರಿಸಿದರು. ಇಂದು ಆ ಊರಿನ ಪೊಲೀಸರ ತೋಳುಪಟ್ಟಿಯ ಮೇಲೇ ಮಾಟಗಾತಿಯ ಚಿತ್ರವಿದೆ. ಅವರಿಗೆ ಅದು ಮುಗಿದ ಕಥೆ, ನಗಬಹುದು. ನಮಗೆ ಮುಗಿದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವಾರ್ಷಿಕ ವರದಿಯಲ್ಲಿ ಕೊಲೆಯ ಕಾರಣಗಳ ಪಟ್ಟಿಯೊಳಗೆ ಮಾಟಕ್ಕೆಂದೇ ಒಂದು ಸಾಲಿದೆ; 2022ರಲ್ಲಿ ಆ ಸಾಲಿನ ಎದುರು 85 ಎಂಬ ಅಂಕಿ ಇತ್ತು. ಜಾರ್ಖಂಡದ ಛುಟ್ನಿ ಮಹತೋ ಎಂಬಾಕೆಯನ್ನು ಮಾಟಗಾತಿಯೆಂದು ಊರಿನವರು ಹಿಂಸಿಸಿ ಹೊರದಬ್ಬಿದರು. ಅಂಥ ನೊಂದವರಿಗಾಗಿಯೇ ದುಡಿದ ಆಕೆಗೆ 2021ರಲ್ಲಿ ಪದ್ಮಶ್ರೀ ಬಂದಿತು. ನಮ್ಮ ರಾಜ್ಯದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯನ್ನು 2017ರಲ್ಲಿ ಅಂಗೀಕರಿಸಿ, ಜಾರಿಗೆ ತಂದದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದು, ಮೆಣಸಿನಕಾಯಿಯ ಹೊಗೆ ಹಾಕುವುದು ಇವುಗಳಿಗೆಲ್ಲ ಅದರಲ್ಲಿ ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸವಿದೆ. ಇಂಥವುಗಳನ್ನು ಹೆಸರಿಸಿ ನಿಷೇಧಿಸಬೇಕಾಗಿ ಬಂದಿತೆಂದರೆ ಇವು ನಡೆಯುತ್ತಿದ್ದವೆಂದೇ ಅರ್ಥ.

ಇಷ್ಟೆಲ್ಲ ಒಪ್ಪಿಕೊಂಡೂ ನಾನು ಅವನಿಗೆ ಕೇಳುವುದು ಇದು: ಆ 85 ಮಂದಿಯನ್ನು ಕೊಂದವರು ಯಾವ ತಮಾಷೆಯ ಪುಸ್ತಕವನ್ನು ಓದಿದ್ದರು? ಮಾಟದ ಆರೋಪ ಹೊರಿಸುವವನ ಮುಖದಲ್ಲಿ ನಗುವಿರುವುದಿಲ್ಲ. ನಮ್ಮ ಅರಳಿಕಟ್ಟೆಯ ಮೇಲೆ ಅಂದು ಒಬ್ಬನೇ ಒಬ್ಬ ನಕ್ಕಿದ್ದರೆ ಪಂಚಾಯಿತಿ ಅಲ್ಲೇ ಮುರಿಯುತ್ತಿತ್ತು. ಅಪಾಯವಿರುವುದು ನಗುವ ಕಥೆಯಲ್ಲಲ್ಲ, ನಗದ ಕಥೆಯಲ್ಲಿ. ಬೆಳಗಾದರೆ ಟಿ.ವಿ.ಯಲ್ಲಿ ಕುಳಿತು, ನಿಮ್ಮ ಮನೆಗೆ ಯಾರೋ ಹತ್ತಿರದ ಹೆಂಗಸೇ ಏನೋ ಮಾಡಿಸಿದ್ದಾಳೆ ಎಂದು ಗಂಭೀರ ದನಿಯಲ್ಲಿ ಹೇಳುವವರನ್ನು ನೋಡಿರಿ. ಜ್ಯೋತಿಷ್ಯವೂ ವಾಸ್ತುವೂ ಆ ಕಾಯ್ದೆಯ ಹೊರಗೇ ಉಳಿದವು. ನನ್ನ ಕಾಫಿಯ ಸ್ನೇಹಿತರು ಇಂಥ ಕಾರ್ಯಕ್ರಮಗಳನ್ನು ತಪ್ಪದೆ ನೋಡುತ್ತಾರೆ. ಅವರಿಗೆ ಆತಂಕವಿರುವುದು ಮಾತ್ರ ನನ್ನ ಮೊಮ್ಮಗಳ ಕರಿಬೆಕ್ಕಿನ ಬಗ್ಗೆ!

ಹಾಗೆಂದು ಆ ಪುಸ್ತಕಗಳ ಮೇಲೆ ನನಗೆ ದೂರಿಲ್ಲವೆಂದಲ್ಲ. ಎರಡಿವೆ. ಮೊದಲನೆಯದು, ಅಲ್ಲಿ ಸತ್ತವನಿಗಾಗಿ ಯಾರೂ ಅಳುವುದಿಲ್ಲ. ಶವ ಬಿದ್ದ ಮರುಪುಟದಲ್ಲಿ ಕೇಕು ಬೇಯುತ್ತಿರುತ್ತದೆ. ಸಾವನ್ನು ಕಂಡ ಮನೆಯವರಿಗೆ ಇದು ಚುಚ್ಚುತ್ತದೆ. ಎರಡನೆಯದು, ಕೆಲವು ಲೇಖಕಿಯರು ಸುಳಿವು ಸಿಗದಿದ್ದಾಗ ಮಂತ್ರದಿಂದಲೇ ಕೊಲೆಗಾರನನ್ನು ಹಿಡಿಸಿಬಿಡುತ್ತಾರೆ. ಅದು ಪರೀಕ್ಷೆಯಲ್ಲಿ ನಕಲು ಹೊಡೆದಂತೆ. ಮಂತ್ರ ಬೇಕಾದರೆ ಹಾಲು ಕಾಯಿಸಲಿ, ಬೆಕ್ಕನ್ನು ಮಾತನಾಡಿಸಲಿ. ಕೊಲೆಗಾರನನ್ನು ಹಿಡಿಯಬೇಕಾದದ್ದು ಬುದ್ಧಿ.

ಆದ್ದರಿಂದಲೇ ನನ್ನ ಬಯಕೆ, ಇಂಥ ಕಥೆಗಳು ಕನ್ನಡದಲ್ಲಿ ಬರಲಿ. ಅನುವಾದವಾಗಿ ಬೇಡ, ನಮ್ಮ ಊರುಗಳಲ್ಲೇ ಹುಟ್ಟಿ ಬರಲಿ. ಪೊರಕೆಯೂ ಕೇಕೂ ನಮಗೆ ಬೇಕಿಲ್ಲ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕೈ, ಅಂಥ ಕಣ್ಣು ಇರುವ ಒಬ್ಬ ಮುದುಕಿಯನ್ನು ತರೀಕೆರೆಯ ಸಂತೆಯಲ್ಲಿ ಕೂರಿಸಿರಿ. ಯಾವ ಮನೆಯಲ್ಲಿ ಯಾರು ಬಸುರಿ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾವ ಹಿತ್ತಿಲಲ್ಲಿ ನಿಂಬೆಗಿಡವಿದೆ ಎಂಬುದೆಲ್ಲ ಅವಳಿಗೆ ಗೊತ್ತಿರುತ್ತದೆ. ಅಡಿಕೆ ವ್ಯಾಪಾರಿಯೊಬ್ಬ ಸಾಯಲಿ. ಊರು ಅವಳತ್ತ ಬೆರಳು ತೋರಿಸಲಿ. ಅವಳು ಎಲೆಅಡಿಕೆ ಜಗಿಯುತ್ತ, ನಮ್ಮನ್ನೆಲ್ಲ ಗೇಲಿ ಮಾಡುತ್ತ, ನಿಜವಾದ ಕೊಲೆಗಾರನ ಮನೆಯ ಜಗುಲಿಯ ಮೇಲೆ ಹೋಗಿ ಕುಳಿತುಕೊಳ್ಳಲಿ. ಬರೆಯುವವರಿಗೆ ನಾನು ಹಾಕುವ ಷರತ್ತು ಒಂದೇ: ನಗು ಬೀಳಬೇಕಾದದ್ದು ಊರಿನ ಮೇಲೆ, ಆ ಮುದುಕಿಯ ಮೇಲಲ್ಲ.

ರಜೆ ಮುಗಿಯುವ ಹಿಂದಿನ ರಾತ್ರಿ ಮೊಮ್ಮಗಳಿಗೆ ನಮ್ಮೂರಿನ ಅಜ್ಜಿಯ ಕಥೆಯನ್ನು ಪತ್ತೇದಾರಿ ಕಥೆಯಂತೆಯೇ ಹೇಳಿದೆ. ಹಣ್ಣನ್ನು ಇಟ್ಟವರ ಹೆಸರನ್ನು ಮಾತ್ರ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾತ, ಆ ಊರಲ್ಲಿ ನಿಂಬೆಗಿಡ ಯಾರ ಮನೇಲಿತ್ತು?” ಎಂದು ಕೇಳಿದಳು. ಅರವತ್ತೈದು ವರ್ಷಗಳ ಹಿಂದೆ ಅರಳಿಕಟ್ಟೆಯ ಮೇಲೆ ಯಾರೂ ಕೇಳದ ಪ್ರಶ್ನೆ. ನಮ್ಮ ಮನೆಯಲ್ಲಿ ಎಂದೆ. ಅವಳು ನನ್ನ ಮುಖ ನೋಡಿದಳು. ಎಲ್ಲವನ್ನೂ ಹೇಳಿದೆ.

ಅವಳು ನನ್ನನ್ನು ಕ್ಷಮಿಸಿದಳೆಂದು ನಾನು ಹೇಳಲಾರೆ; ಕ್ಷಮಿಸುವ ಹಕ್ಕಿದ್ದವಳು ಬೀರೂರು ಸ್ಟೇಷನ್ನಿನಿಂದ ಎಲ್ಲಿಗೆ ಹೋದಳೋ ತಿಳಿಯದು. ಆದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳಲು ಆ ಹುಡುಗಿಗೆ ಕಲಿಸಿದ್ದು ಮೂವತ್ತೈದು ವರ್ಷದ ಮೇಷ್ಟ್ರಲ್ಲ, ಕರಿಬೆಕ್ಕಿನ ಚಿತ್ರವಿದ್ದ ಆ ನಾಲ್ಕು ಪುಸ್ತಕಗಳು. ಅವನ್ನು ಮನೆಯಿಂದ ಹೊರಗೆ ಹಾಕಿ ಎನ್ನುವವರು ಮೊದಲು ತಮ್ಮ ತಮ್ಮ ಹಿತ್ತಿಲನ್ನು ಒಮ್ಮೆ ನೋಡಿಕೊಂಡು ಬರಲಿ.